ಲಡ್ಡು ದಿಮ್ಮಿಯಿಂದ ಹೊಸ ಜಾತಿಯವರೆಗೆ: ಬಲೆ ರೆಕ್ಕೆ ಜೀರುಂಡೆ ಸಾಕಿದ ನನ್ನ ಅನುಭವ

ಬಲೆ ರೆಕ್ಕೆ ಜೀರುಂಡೆಗಳ, ಅಂದರೆ ಲೈಸಿಡ್‌ಗಳ, ಕಾಟಿರೆಸ್ ಕುಲದ ಒಂದು ಹೊಸ ಜಾತಿಯ ಬಗ್ಗೆ ನಾನು ಬರೆದ ಲೇಖನ ಕೊನೆಗೂ ಒಪ್ಪಿಗೆಯಾಗಿದೆ. ಅಚ್ಚಾಗುವುದೊಂದು ಬಾಕಿ. ಅಲ್ಲಿಯವರೆಗೆ ಜಾತಿಯ ಹೆಸರು ಹೇಳುವುದಿಲ್ಲ. ವರ್ಣನೆ ಬರುವ ಮೊದಲೇ ಹೆಸರು ಹರಿದಾಡಿದರೆ ಏನೇನು ಗೋಜಲು ಆಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆದರೆ ಮಾಡಿದ ಬಗೆ ಹೇಳಬಹುದು, ಅಲ್ವಾ? ಈ ಜಾತಿಯ ಗಂಡು, ಹೆಣ್ಣು, ಮರಿಹುಳ, ಪ್ಯೂಪಾ ಎಲ್ಲವೂ ಒಂದೇ ಲಡ್ಡು, ಅಂದರೆ ಕೊಳೆತು ಮೆದುವಾದ, ದಿಮ್ಮಿಯಿಂದ, ನನ್ನ ಕಣ್ಣೆದುರಿಗೇ ಬಂದವು. ನಮ್ಮ ಕಡೆಯ ಲೈಸಿಡ್‌ಗಳಲ್ಲಿ ಇಷ್ಟನ್ನೂ ಕೈಯಲ್ಲಿ ಹಿಡಿದು ಬರೆದವರು ಎಷ್ಟು ಜನ ಇದ್ದಾರೆ ಹೇಳಿ.

ನಮ್ಮದು ಕೊಪ್ಪದ ಕಡೆ ಕಾಫಿ, ಅಡಿಕೆ ತೋಟ. ಕೃತ್ತಿಕಾ ಮಳೆ ಬಿದ್ದ ಮೇಲೆ ಆರಿದ್ರಾ ಹಿಡಿಯುವ ತನಕ ತೋಟದ ಅಂಚಿನಲ್ಲಿ ಕೆಂಪು ಲೈಸಿಡ್‌ಗಳು ಸಿಗುತ್ತವೆ. ನೆರಳಲ್ಲಿ, ಸೊಂಟದ ಎತ್ತರದಲ್ಲಿ ನಿಧಾನ ಹಾರುತ್ತವೆ. ಇಟ್ಟಿಗೆ ಕೆಂಪು ಮೇಲ್ರೆಕ್ಕೆ, ತುದಿಯಲ್ಲಿ ಕಪ್ಪು. ವರ್ಷಗಟ್ಟಲೆ ಇವೆಲ್ಲ ಒಂದೇ ಜಾತಿ ಅಂತ ಎಲ್ಲರೂ ಒಂದೇ ಡಬ್ಬಿಗೆ ಹಾಕುತ್ತಿದ್ದೆವು. ಕಪ್ಪು ತುದಿ ಕೆಲವದರಲ್ಲಿ ಜಾಸ್ತಿ, ಕೆಲವದರಲ್ಲಿ ಕಮ್ಮಿ. ನನಗೆ ಅನುಮಾನ ಬಂದದ್ದು ಬಣ್ಣದಿಂದ ಅಲ್ಲ, ಗಂಡುಗಳ ಮೀಸೆಯಿಂದ. ಕೆಲವು ಗಂಡುಗಳಲ್ಲಿ ಮೀಸೆಯ ಗೆಣ್ಣುಗಳ ಕವಲು ಉದ್ದ. ಕೆಲವದರಲ್ಲಿ ಬರೀ ಗರಗಸದ ಹಲ್ಲಿನಷ್ಟು. ಕಣ್ಣಿನ ಅಳತೆ ಹಾಕಿ ನೋಡಿದೆ. ಎರಡು ಕಣ್ಣಿನ ನಡುವಿನ ಅಂತರವನ್ನು ಕಣ್ಣಿನ ಅಗಲದಿಂದ ಭಾಗಿಸಿದರೆ ಅಂಕಿಗಳು ಎರಡು ಗುಂಪಾಗಿ ಬೇರೆಯಾದವು. ಒಂದು ಗುಂಪು 1.2ರ ಆಸುಪಾಸು, ಇನ್ನೊಂದು 1.6ರ ಹತ್ತಿರ.

ನಾನು ಇದನ್ನು ತೋರಿಸಿದವರೆಲ್ಲ ಒಂದೇ ಮಾತು ಹೇಳಿದರು: ಲೈಸಿಡ್ ಅಂದ್ರೆ ಹಾಗೇ, ವ್ಯತ್ಯಾಸ ಜಾಸ್ತಿ, ಬಿಟ್ಟುಬಿಡಿ. ಗಂಡುಗಳನ್ನು ಬೇರೆ ಮಾಡಿದರೂ ಹೆಣ್ಣು ಯಾವುದು ಯಾರದ್ದು ಅಂತ ಹೇಗೆ ಹೇಳ್ತೀರಿ ಅನ್ನುವುದು ಅವರ ಎರಡನೇ ಪ್ರಶ್ನೆ. ಅದು ಸರಿಯಾದ ಪ್ರಶ್ನೆಯೇ. ಕಾಟಿರೆಸ್ ಹೆಣ್ಣುಗಳನ್ನು ಹೊರಗಿನಿಂದ ನೋಡಿ ಬೇರ್ಪಡಿಸುವುದು ಆಗದ ಮಾತು. ಒಂದೇ ಗಿಡದ ಮೇಲೆ ಹಿಡಿದದ್ದು, ಒಂದೇ ಬಣ್ಣ ಅನ್ನುವುದು ಸಾಕ್ಷಿಯೇ ಅಲ್ಲ. ಇಡೀ ಗುಂಪೇ ಒಂದನ್ನೊಂದು ಹೋಲುವಂತೆ ಬಣ್ಣ ಹಚ್ಚಿಕೊಂಡು ಕೂತಿದೆ. ಲೈಸಿಡ್‌ಗಳಲ್ಲೇ ಬೇರೆ ಪಂಗಡದ ಲೈಕೋಸ್ಟೋಮಸ್ ಕುಲದ ಹುಳ ಕೂಡ ಅದೇ ಗಿಡದ ಮೇಲೆ ಅದೇ ಕೆಂಪಿನಲ್ಲಿ ಕೂತಿರುತ್ತದೆ.

ಹಾಗಾದರೆ ಮರಿಹುಳದಿಂದಲೇ ಸಾಕಿದರೆ? ಒಂದು ದಿಮ್ಮಿ, ಒಂದು ಗುಂಪು ಮರಿಹುಳ, ಅದರಿಂದ ಬಂದ ಗಂಡು ಮತ್ತು ಹೆಣ್ಣು. ಇದಕ್ಕೆ ಬಂದ ಉತ್ತರ ಇನ್ನೂ ಖಾರವಾಗಿತ್ತು. ಲೈಸಿಡ್ ಮರಿಹುಳ ಮನೆಯಲ್ಲಿ ಬದುಕಲ್ಲ, ಬದುಕಿದರೂ ಎರಡು ವರ್ಷ ಬೇಕು, ಸಂಸ್ಥೆಯಲ್ಲಿ ಇರುವವರಿಗೇ ಆಗಿಲ್ಲ ಅಂದರು.

ಮೊದಲ ವರ್ಷ ಅವರು ಹೇಳಿದ ಹಾಗೇ ಆಯಿತು. ಮರಿಹುಳ ಹುಡುಕುವುದು ಕಷ್ಟವಲ್ಲ. ಸತ್ತ ಹಾಲುವಾಣದ ಬೊಡ್ಡೆಗಳ ತೊಗಟೆ ಎಬ್ಬಿಸಿದರೆ ಸಾಕು. ಹಾಲುವಾಣಕ್ಕೆ ಗಂಟು ಕಣಜ ಬಂದು ತೋಟ ತೋಟಗಳೇ ಒಣಗಿದ ಮೇಲೆ ಇಂಥ ಬೊಡ್ಡೆಗಳಿಗೆ ಬರವಿಲ್ಲ. ಹಲಸು, ಅತ್ತಿಯಲ್ಲೂ ಸಿಕ್ಕವು. ಸಿಲ್ವರ್ ಓಕ್‌ನಲ್ಲಿ ಒಂದೂ ಸಿಗಲಿಲ್ಲ, ಎಷ್ಟು ಲಡ್ಡಾಗಿದ್ದರೂ. ಸಿಕ್ಕವನ್ನು ಹುಡಿ ಮಾಡಿದ ಲಡ್ಡಿನ ಜೊತೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಅಡಿಕೆ ಅಟ್ಟದಲ್ಲಿಟ್ಟೆ. ಹಳೆಯ ಬರಹಗಳಲ್ಲಿ ಈ ಮರಿಹುಳ ಬೇಟೆ ಆಡುತ್ತದೆ ಅಂತ ಇರುತ್ತದೆ. ಅದನ್ನು ನೋಡಿ ಶಂಖದ ಹುಳದ ತುಂಡು, ಗೆದ್ದಲು, ಎರೆಹುಳ ಎಲ್ಲ ಕೊಟ್ಟೆ. ಯಾವುದನ್ನೂ ಮುಟ್ಟಲಿಲ್ಲ. ಮಾಂಸ ಕೊಳೆತು ನೊರಜು ಬಂತು, ಬಿಳಿ ಬೂಷ್ಟು ಬಂತು, ಹುಳ ಸತ್ತವು. ಬೂಷ್ಟು ತಪ್ಪಿಸಲು ಮುಚ್ಚಳಕ್ಕೆ ತೂತು ಜಾಸ್ತಿ ಮಾಡಿದ ಡಬ್ಬಿಗಳು ಫೆಬ್ರವರಿ ಬಿಸಿಲಿಗೆ ಒಣಗಿ ಹೋದವು. ಕೊನೆಗೆ ಉಳಿದ ಒಂದು ಸಾಲು ಡಬ್ಬಿಗೆ ಇರುವೆ ನುಗ್ಗಿತು. ನಾಲ್ಕೈದು ಡಜನ್ ಮರಿಹುಳದಲ್ಲಿ ಒಂದೂ ಪ್ಯೂಪಾ ಆಗಲಿಲ್ಲ. ಡಬ್ಬಿ, ಸಾಗಾಟ, ಕೂಲಿ ಸೇರಿ ಆರೇಳು ಸಾವಿರ ಹೋಯಿತು. ಮನೆಯಲ್ಲಿ ಆ ವರ್ಷ ಅಡಿಕೆಗೆ ಕೊಳೆ ಬೇರೆ ಬಂದಿತ್ತು. ಹುಳಕ್ಕೆ ಹಾಕಿದ ದುಡ್ಡಿನ ಮಾತು ಎತ್ತುವ ಹಾಗೇ ಇರಲಿಲ್ಲ.

ತಿರುವು ಸಿಕ್ಕಿದ್ದು ಮರಿಹುಳದ ಬಾಯಿ ನೋಡಿದ ಮೇಲೆ. ಸತ್ತದ್ದರ ತಲೆಯನ್ನು ಮೆದು ಭಾಗ ಕರಗಿಸುವ ಕ್ಷಾರವಾದ ಕೆಒಎಚ್‌ನಲ್ಲಿ ಬೇಯಿಸಿ ಸ್ಲೈಡ್ ಮಾಡಿದೆ. ದವಡೆ ಸಣ್ಣ ಕುಡುಗೋಲು, ಒಳಗೆ ಒಂದು ಕಾಲುವೆ. ಇದು ಕಚ್ಚಿ ತಿನ್ನುವ ಬಾಯಲ್ಲ, ಹೀರುವ ಬಾಯಿ. ಲಡ್ಡಿನೊಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರ ಎಲ್ಲ ಸೇರಿ ಆದ ರಸ ಇದೆಯಲ್ಲ, ಅದೇ ಇದರ ಊಟ. ಒಲೊಮೌಟ್ಸ್‌ನ ಲೈಸಿಡ್ ತಜ್ಞ ಲಾಡಿಸ್ಲಾವ್ ಬೊಚಾಕ್ ಮತ್ತು ಅವರ ಜೊತೆಗಾರರು ಬರೆದದ್ದನ್ನು ಮತ್ತೆ ಓದಿದಾಗ ಅಲ್ಲೂ ಇದೇ ವಾದ. ಅಂದರೆ ಲಡ್ಡನ್ನು ಹುಡಿ ಮಾಡಿದ ಕೂಡಲೇ ನಾನು ಅದರ ಊಟದ ತಟ್ಟೆಯನ್ನೇ ಒಡೆದ ಹಾಗಾಗುತ್ತಿತ್ತು. ರಸ ಇರುವುದು ನಾರಿನ ಪದರಗಳ ನಡುವೆ.

ಎರಡನೇ ಸಲ ಹುಳವನ್ನು ಮರದಿಂದ ತೆಗೆಯಲೇ ಇಲ್ಲ. ಬೊಡ್ಡೆಯನ್ನೇ ಗರಗಸದಲ್ಲಿ ಒಂದೊಂದು ಅಡಿಯ ಹೋಳು ಮಾಡಿ, ಹುಳ ಇದ್ದ ಹೋಳನ್ನು ಪೂರ್ತಿಯಾಗಿ ತಂದೆ. ತೊಗಟೆ ಮೇಲಿರುವಂತೆ, ಕಾಡಿನಲ್ಲಿ ಯಾವ ಮಗ್ಗುಲಲ್ಲಿ ಬಿದ್ದಿತ್ತೋ ಅದೇ ಮಗ್ಗುಲಲ್ಲಿ ಇಟ್ಟೆ. ಇದು ಸಣ್ಣ ವಿಷಯ ಅನ್ನಿಸಬಹುದು. ತಿರುಗಿಸಿ ಇಟ್ಟ ಹೋಳುಗಳಿಂದ ಹುಳ ಹೊರಗೆ ಬಂದು ಅಲೆದಾಡಿ ಸತ್ತವು. ಕೆಳಗೆ ನೆನೆಸಿದ ಅಡಿಕೆ ಹಾಳೆ ಎರಡು ಪದರ. ಹಾಳೆ ನೀರು ಕುಡಿದು ನಿಧಾನಕ್ಕೆ ಬಿಡುತ್ತದೆ, ಕಾಗದ, ಸ್ಪಂಜಿನಷ್ಟು ಬೇಗ ಬೂಷ್ಟು ಹಿಡಿಯುವುದಿಲ್ಲ. ಹಣ್ಣಿನ ಕ್ರೇಟಿನಲ್ಲಿ ಹೋಳು, ಕ್ರೇಟಿನ ಸುತ್ತ ಹಳೆ ಸೊಳ್ಳೆ ಪರದೆ, ಕಾಲಿಗೆ ನೀರಿನ ಬಟ್ಟಲು. ಇರುವೆ ಕಥೆ ಅಲ್ಲಿಗೆ ಮುಗಿಯಿತು. ಜಾಗವನ್ನೂ ಬದಲಿಸಿದೆ. ಅಟ್ಟ ಬಿಟ್ಟು ಬಚ್ಚಲ ಹಿಂದಿನ ಗೋಡೆಯ ನೆರಳಿಗೆ ತಂದೆ. ಬೇಸಿಗೆಯಲ್ಲೂ ಅಲ್ಲಿ 26 ಡಿಗ್ರಿ ದಾಟುವುದು ಕಮ್ಮಿ.

ನೀರು ಮಾತ್ರ ಬರೀ ನೀರಲ್ಲ. ಅದಕ್ಕೆ ಏನು ಸೇರಿಸುತ್ತೇನೆ, ಎಷ್ಟು ದಿನ ಇಟ್ಟು ಹಾಕುತ್ತೇನೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಜಾತಿಯ ಮೇಲೆ ಅದೇ ಕೆಲಸ ಮಾಡುತ್ತಿದ್ದೇನೆ, ಅದು ಮುಗಿಯಲಿ. ಇಷ್ಟು ಹೇಳಬಲ್ಲೆ: ಕೊಳವೆ ಬಾವಿ ನೀರು ಹಾಕಿದ ಕ್ರೇಟಿಗಿಂತ ಇದು ಹಾಕಿದ ಕ್ರೇಟಿನಲ್ಲಿ ಹುಳ ಉಳಿದದ್ದು ಎರಡು ಪಟ್ಟಿಗೂ ಜಾಸ್ತಿ.

ಒಂದು ಮಳೆಗಾಲ ಏನೂ ಆಗಲಿಲ್ಲ. ಹುಳ ಪೊರೆ ಬಿಟ್ಟವು, ದಪ್ಪವಾದವು, ಅಷ್ಟೇ. ನೋಡಲು ಬಂದವರು ನಕ್ಕು ಹೋದರು. ಎರಡನೇ ವರ್ಷ ಏಪ್ರಿಲ್ ಕೊನೆಗೆ, ಭರಣಿ ಮಳೆಯ ಹೊತ್ತಿಗೆ, ಅಲ್ಲಲ್ಲಿ ಇದ್ದ ಮರಿಹುಳ ಒಂದೇ ಕಡೆ ಸೇರತೊಡಗಿದವು. ತೊಗಟೆಯ ಒಳಮೈಯಲ್ಲಿ, ಬಿಗಿಯಾಗಿ, ತಲೆ ಒಂದೇ ದಿಕ್ಕಿಗೆ. ಹಾಗೇ ಪ್ಯೂಪಾ ಆದವು. ಕೊನೆಯ ಪೊರೆ ಪೂರ್ತಿ ಕಳಚದೆ ಹಿಂಬದಿಗೆ ಅಂಟಿಕೊಂಡೇ ಇತ್ತು. ಇದು ನಮ್ಮ ಕೆಲಸಕ್ಕೆ ದೊಡ್ಡ ವರ. ಪ್ರತಿ ಜೀರುಂಡೆಯ ಜೊತೆ ಅದರದೇ ಮರಿಹುಳದ ಚರ್ಮ ಸಿಗುತ್ತದೆ. ಎರಡನ್ನೂ ಒಂದೇ ಪಿನ್ನಿಗೆ ಹಾಕಿದರೆ ಯಾವ ವಿಮರ್ಶಕನೂ ಪ್ರಶ್ನೆ ಎತ್ತುವ ಹಾಗಿಲ್ಲ.

ಮೇ ಕೊನೆಯಲ್ಲಿ, ರೋಹಿಣಿ ಮಳೆಗೆ, ಹತ್ತು ದಿನದ ಒಳಗೆ ಎಲ್ಲ ಹೊರಬಂದವು. ಗಂಡು ಮೊದಲು, ಹೆಣ್ಣು ನಾಲ್ಕೈದು ದಿನ ತಡ. ಇಪ್ಪತ್ತರ ಮೇಲೆ ಗಂಡು, ಹೆಣ್ಣು ಅದಕ್ಕಿಂತ ಸ್ವಲ್ಪ ಕಮ್ಮಿ. ಹೆಣ್ಣು ಸುಮಾರು 11 ಮಿಲಿಮೀಟರ್, ಗಂಡು 8 ರಿಂದ 9. ಗಂಡುಗಳೆಲ್ಲ ಉದ್ದ ಕವಲಿನ ಮೀಸೆಯವೇ. ಒಂದೂ ತಪ್ಪಲಿಲ್ಲ. ಒಂದೇ ದಿಮ್ಮಿಯ ಮಕ್ಕಳಲ್ಲಿ ಕಪ್ಪು ತುದಿ ಕಾಲು ಭಾಗದಿಂದ ಅರ್ಧದವರೆಗೆ ಏರುಪೇರಾಗಿತ್ತು. ಬಣ್ಣ ನೋಡಿ ಜಾತಿ ಹೇಳುವವರ ವಾದವೂ ಬಿತ್ತು, ಎಲ್ಲ ಒಂದೇ ಜಾತಿ ಅನ್ನುವವರ ವಾದವೂ ಬಿತ್ತು. ಆ ಸಂಜೆಯ ಖುಷಿ ಈಗಲೂ ಹಾಗೇ ಇದೆ.

ಹುಳ ಕೊಲ್ಲಲು ಬಳಸುವ ಈಥೈಲ್ ಅಸಿಟೇಟ್ ಸಿಗದ ಊರಿನವರಿಗೆ ಒಂದು ಮಾತು: ಅಸಿಟೋನ್ ಇಲ್ಲದ ನೈಲ್ ಪಾಲಿಶ್ ರಿಮೂವರ್‌ಗಳಲ್ಲಿ ಬಹಳಷ್ಟರಲ್ಲಿ ಇರುವುದು ಅದೇ. ಲೇಬಲ್ ಓದಿ ತಗೊಳ್ಳಿ. ಲೈಸಿಡ್ ಮೈ ಮೆದು, ಒಣಗಿದರೆ ಮುದುಡುತ್ತದೆ. ಕೊಂದ ದಿನವೇ ಕಾರ್ಡಿನ ಮುಕ್ಕೋನಕ್ಕೆ ಅಂಟಿಸಿ, ಅಳತೆಯನ್ನೂ ಅವತ್ತೇ ಹಾಕಿ. ಮಲೆನಾಡಿನ ಜುಲೈನಲ್ಲಿ ಪಿನ್ ಮಾಡಿದ ಹುಳಕ್ಕೆ ವಾರದೊಳಗೆ ಬೂಷ್ಟು. ಸ್ಟೀಲ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೆಲ್ ಬಣ್ಣ ತಿರುಗಿದ ಕೂಡಲೇ ಒಲೆ ಮೇಲೆ ಹುರಿದು ಮತ್ತೆ ಒಳಗೆ.

ಈಡಿಯಾಗಸ್ (ಗಂಡಿನ ಜನನಾಂಗ) ಬಿಡಿಸುವುದರಲ್ಲಿ ಹೊಸದೇನೂ ಮಾಡಿಲ್ಲ. ಬಿಸಿನೀರಲ್ಲಿ ಮೆದು ಮಾಡಿ, ಹೊಟ್ಟೆಯ ತುದಿ ಬಿಡಿಸಿ, 10% ಕೆಒಎಚ್, ಬಿಸಿನೀರಿನ ಪಾತ್ರೆಯಲ್ಲಿ. ಎಲ್ಲ ಕಡೆ ಅರ್ಧ ಗಂಟೆ ಅಂತ ಬರೆದಿರುತ್ತಾರೆ. ಇಷ್ಟು ತೆಳು ಹುಳಕ್ಕೆ ಅದು ಅತಿಯಾಯಿತು. ಹತ್ತು ನಿಮಿಷ ಸಾಕು, ಆಮೇಲೆ ಒಂದು ಹನಿ ವಿನೆಗರ್ ಬೆರೆಸಿದ ನೀರಲ್ಲಿ ತೊಳೆಯುವುದು. ಕಾಟಿರೆಸ್‌ನಲ್ಲಿ ಅದರ ಪಕ್ಕದ ಕವಲುಗಳಾದ ಪ್ಯಾರಮಿಯರ್ ಇಲ್ಲ, ನಡುವಿನ ಕೊಳವೆ, ಅಂದರೆ ಫ್ಯಾಲಸ್, ಸಣಕಲು, ಬುಡದಲ್ಲಿ ಉಂಗುರಾಕಾರದ ಫ್ಯಾಲೋಬೇಸ್. ಹಾಗಾಗಿ ನೋಡಬೇಕಾದ್ದು ಒಳಚೀಲದ ಮುಳ್ಳುಗಳನ್ನು. ನನ್ನ ಜಾತಿಯಲ್ಲಿ ಮುಳ್ಳು ಎರಡೂ ಒಂದೇ ಉದ್ದ ಅಲ್ಲ, ಎಡದ್ದು ಬಲದ್ದಕ್ಕಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಗಿಡ್ಡ ಕವಲಿನ ಗುಂಪಿನಲ್ಲಿ ಎರಡೂ ಸಮ. ಬಿಡಿಸಿದ ಎಲ್ಲ ಗಂಡುಗಳಲ್ಲೂ ಹೀಗೇ. ಫೋಟೋದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ. ಗ್ಲಿಸರಿನ್‌ನಲ್ಲಿ ಹಾಕಿ ತಿರುಗಿಸಿ ತಿರುಗಿಸಿ ಕೈಯಲ್ಲೇ ಚಿತ್ರ ಬರೆದೆ. ಇಡೀ ಜೀರುಂಡೆಯ ಚಿತ್ರಕ್ಕೆ ಮೊಬೈಲ್ ಸಾಕಾಯಿತು. ಸ್ಟೀರಿಯೋ ಮೈಕ್ರೋಸ್ಕೋಪಿಗೆ ಅಡಾಪ್ಟರ್ ಹಾಕಿ ಬೇರೆ ಬೇರೆ ಫೋಕಸಿನ ಮೂವತ್ತು ನಲವತ್ತು ಪದರ ತೆಗೆದು ಪಿಕೋಲೇ ತಂತ್ರಾಂಶದಲ್ಲಿ ಜೋಡಿಸಿದೆ. ಬೆಳಕು ಹರಡಲು ನಾನು ಬಳಸುವ ವಸ್ತು ಅಡಿಗೆ ಮನೆಯದ್ದು. ಯಾವುದು ಅಂತ ಫೋಟೋ ಅಚ್ಚಾದ ಮೇಲೆ ಕೇಳಿ.

ಇದರ ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಜೀರುಂಡೆಯನ್ನು ಬೆರಳಲ್ಲಿ ಒತ್ತಿದರೆ ಮೇಲ್ರೆಕ್ಕೆಯ ಗೆರೆಗಳಿಂದ ಹಾಲಿನಂಥ ರಸ ಬರುತ್ತದೆ. ವಾಸನೆ ಹಸಿ ದೊಣ್ಣೆ ಮೆಣಸಿನದ್ದು. ಲೈಸಿಡ್‌ಗಳಲ್ಲಿ ಇಂಥ ವಾಸನೆ ಕೊಡುವ ಪೈರಜೀನ್ ರಾಸಾಯನಿಕ ಇರುವುದು ಗೊತ್ತಿರುವ ವಿಷಯ. ಮನೆಯ ಕೋಳಿಗೆ ಕೊಟ್ಟೆ. ಒಮ್ಮೆ ಕುಕ್ಕಿ ಉಗುಳಿ, ಮಣ್ಣಿಗೆ ಕೊಕ್ಕು ಉಜ್ಜಿತು. ಮರುದಿನ ಅದೇ ಕೋಳಿ ಕೆಂಪು ಕಂಡ ಕೂಡಲೇ ದೂರ ಸರಿಯಿತು. ಗೋಡೆ ಹಲ್ಲಿಯೂ ಬಾಯಿಗೆ ಹಾಕಿ ಬಿಟ್ಟಿತು. ಅಟ್ಟದ ಜೇಡ ಮಾತ್ರ ನೆಮ್ಮದಿಯಾಗಿ ತಿಂದಿತು. ಅದೇ ಗಿಡದ ಮೇಲೆ ಇವುಗಳ ಜೊತೆ ಒಂದು ಉದ್ದ ಮೀಸೆ ಜೀರುಂಡೆಯೂ ಸಿಕ್ಕಿತು, ಬಣ್ಣ ತದ್ರೂಪ. ಥಾಮಸ್ ಐಸ್ನರ್ ಮತ್ತು ಜೊತೆಗಾರರು 1962ರಲ್ಲಿ ಅರಿಜೋನಾದ ಇಂಥದೇ ಜೀರುಂಡೆ ತಾನು ಹೋಲುವ ಲೈಸಿಡನ್ನೇ ತಿನ್ನುತ್ತದೆ ಅಂತ ಬರೆದಿದ್ದಾರೆ. ನನ್ನದನ್ನು ಎರಡು ರಾತ್ರಿ ಜೊತೆಗೇ ಇಟ್ಟೆ, ತಿನ್ನಲಿಲ್ಲ. ಮತ್ತೆ ಸಿಕ್ಕರೆ ಮತ್ತೆ ನೋಡುತ್ತೇನೆ.

ಡಿಎನ್‌ಎ ಮಾಡಿಸಲು ನನಗೆ ಮನಸ್ಸಿರಲಿಲ್ಲ. ಮುಳ್ಳಿನ ವ್ಯತ್ಯಾಸ ಸಾಕು ಅನ್ನುವುದು ನನ್ನ ಅಭಿಪ್ರಾಯ, ಈಗಲೂ. ಆದರೆ ಈಗ ಎಲ್ಲರೂ ಕೇಳುತ್ತಾರೆ. ಖಾಸಗಿಯವರಿಗೆ ಶುದ್ಧ ಎಥನಾಲ್ ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಲ್ಲ, ಅಬಕಾರಿ ಪರವಾನಗಿ ಬೇಕು. ಅಂಗಡಿಯ ಸ್ಪಿರಿಟ್‌ನಲ್ಲಿಟ್ಟ ಕಾಲುಗಳಿಂದ ಏನೂ ಬರಲಿಲ್ಲ. ಬೆಂಗಳೂರಿನ ಒಂದು ಲ್ಯಾಬ್ ಐದಾರು ಸಾವಿರ ತಗೊಂಡು ಡಿಎನ್‌ಎ ಕಾಣದ ಖಾಲಿ ಜೆಲ್ಲಿನ ಫೋಟೋ ಕಳಿಸಿತು. ಎರಡನೇ ಸಲ ಹುಳ ಸತ್ತ ಗಂಟೆಯೊಳಗೆ ಒಂದು ನಡುಗಾಲು ಕಿತ್ತು, ಒಣ ಸಿಲಿಕಾ ಜೆಲ್ಲಿನ ಜೊತೆ ಸಣ್ಣ ಸೀಸೆಗೆ ಹಾಕಿದೆ. ಬೇರೆ ಲ್ಯಾಬಿಗೆ ಒಂದು ಡಜನ್ ಕಳಿಸಿದೆ. ಜಾತಿ ಗುರುತಿಸಲು ಓದಿಸುವ ಸಿಒಐ ಜೀನಿನ 658 ಅಕ್ಷರದ ತುಂಡು, ಅದನ್ನು ನಕಲು ಮಾಡಲು ಫೋಲ್ಮರ್ ಪ್ರೈಮರ್. ಹನ್ನೊಂದು ಓದಿಗೆ ಬಂದವು. ಹತ್ತು ಸಾವಿರದ ಹತ್ತಿರ ಬಿಲ್. ಒಂದೇ ದಿಮ್ಮಿಯ ಗಂಡು, ಹೆಣ್ಣು ಒಂದೇ ಗುಂಪಿಗೆ ಬಿದ್ದವು. ತೋಟದ ಆ ತುದಿಯಲ್ಲಿ ಬಲೆಯಲ್ಲಿ ಹಿಡಿದ ಉದ್ದ ಕವಲಿನ ಗಂಡುಗಳೂ ಅಲ್ಲೇ. ಗಿಡ್ಡ ಕವಲಿನವು ಶೇಕಡಾ ಒಂಬತ್ತು ಹತ್ತರಷ್ಟು ದೂರ. ಮುಳ್ಳು ಹೇಳಿದ್ದನ್ನೇ ಅದೂ ಹೇಳಿತು, ಹದಿನೈದು ಸಾವಿರ ಖರ್ಚಾದ ಮೇಲೆ.

ನಿಜವಾದ ತೂಕದ ಕೆಲಸ ಹಳೆಯ ಹೆಸರುಗಳದ್ದು. ಕುಲವನ್ನು ಕಟ್ಟಿದ್ದು 1879ರಲ್ಲಿ ವಾಟರ್‌ಹೌಸ್. ಆಮೇಲೆ ಕ್ಲೈನ್, ಮಾರಿಸ್ ಪಿಕ್ ಇವರೆಲ್ಲ ಏಷ್ಯಾದ ಜಾತಿಗಳನ್ನು ರಾಶಿ ಹಾಕಿದರು. ಪಿಕ್ ಬರೆದ ವರ್ಣನೆ ನೋಡಿದವರಿಗೆ ಕಷ್ಟ ಗೊತ್ತು. ಫ್ರೆಂಚ್ ಅಥವಾ ಲ್ಯಾಟಿನ್‌ನಲ್ಲಿ ಕೆಲವೇ ಸಾಲು, ಹೆಚ್ಚಿನದು ಬಣ್ಣವೇ, ಜನನಾಂಗದ ಮಾತೇ ಇಲ್ಲ. ನನ್ನ ಹುಳಕ್ಕೆ ಅವರೇ ಹೆಸರಿಟ್ಟಿದ್ದಾರಾ ಅಂತ ತಿಳಿಯಲು ಟೈಪ್ ಮಾದರಿ, ಅಂದರೆ ಹೆಸರಿಡುವಾಗ ಆಧಾರವಾಗಿ ಇಟ್ಟ ಹುಳವನ್ನು, ನೋಡಲೇಬೇಕು. 1933ರ ಕ್ಲೈನ್ ಕ್ಯಾಟಲಾಗಿನಿಂದ ದಕ್ಷಿಣ ಭಾರತದ ಹೆಸರುಗಳ ಪಟ್ಟಿ ಮಾಡಿ, ಒಂದೊಂದರ ಟೈಪ್ ಎಲ್ಲಿದೆ ಅಂತ ಹುಡುಕಿ, ಯುರೋಪಿನ ಮ್ಯೂಸಿಯಂಗಳಿಗೆ ಬರೆದೆ. ಪಿಕ್ ಸಂಗ್ರಹ ಪ್ಯಾರಿಸ್ಸಿನಲ್ಲಿದೆ. ಉತ್ತರ ಬರಲು ತಿಂಗಳುಗಳೇ ಹಿಡಿದವು, ಆದರೆ ಬಂದ ಫೋಟೋಗಳು ಚಂದ ಇದ್ದವು, ಕಾಸೂ ಕೇಳಲಿಲ್ಲ. ಮೀಸೆ ಮತ್ತು ತಲೆಯ ಹಿಂದಿನ ಕವಚದ, ಅಂದರೆ ಪ್ರೋನೋಟಮ್ಮಿನ, ಏಳು ಗೂಡುಗಳ ಆಕಾರದಲ್ಲೇ ಹೆಚ್ಚಿನವು ಬೇರೆಯಾದವು. ಗಿಡ್ಡ ಕವಲಿನದ್ದು ಹಳೆಯ ಜಾತಿಯೇ. ಉದ್ದ ಕವಲಿನದ್ದಕ್ಕೆ ಹೆಸರೇ ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ಲೈಸಿಡ್ ಶುರು ಮಾಡುವುದಾದರೆ ಟೈಪ್ ಕೆಲಸ ಮೊದಲು ಶುರು ಮಾಡಿ, ಹುಳ ಹಿಡಿಯುವುದು ಆಮೇಲೆ. ಪತ್ರ ಬರುವ ಹೊತ್ತಿಗೆ ಹುಳ ತಾನಾಗೇ ಸೇರಿರುತ್ತದೆ.

ಹೊರಗಿನ ತಜ್ಞರೊಬ್ಬರು ಮಾದರಿ ಕಳಿಸಿ, ನಾನೇ ನೋಡುತ್ತೇನೆ ಅಂದರು. ನಾನು ಕಳಿಸಲಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಜಾತಿ ಸಿಕ್ಕರೆ ಸರ್ಕಾರ ಗೊತ್ತು ಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಅಲ್ಲೇ ಇಡಬೇಕು. ಅದು ಸರಿಯಾದ ಕಾನೂನು. ನಮ್ಮ ಹುಳದ ಟೈಪ್ ನೋಡಲು ನಮ್ಮ ಮಕ್ಕಳು ಪ್ಯಾರಿಸ್ಸಿಗೆ ಪತ್ರ ಬರೆಯುವುದು ಬೇಡ. ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಮಾದರಿ) ಮತ್ತು ಅದರ ಜೊತೆಗಿನ ಮಾದರಿಗಳಾದ ಕೆಲವು ಪ್ಯಾರಾಟೈಪ್‌ಗಳನ್ನು ಅಂಥ ಭಂಡಾರವಾದ ಝೂಲಾಜಿಕಲ್ ಸರ್ವೆಗೆ ಕೊಟ್ಟೆ. ಕೊರಿಯರ್ ನಂಬಲಿಲ್ಲ. ಹಿಂದೊಮ್ಮೆ ಕೊರಿಯರಿನಲ್ಲಿ ಹೋದ ಒಂದು ಪೆಟ್ಟಿಗೆಯಲ್ಲಿ ತಲೆಗಳೆಲ್ಲ ಉದುರಿ ಬಂದಿದ್ದವು. ಮಂಗಳೂರಿನಿಂದ ರೈಲು ಹತ್ತಿ ಕೋಯಿಕ್ಕೋಡಿನ ಅವರ ಕೇಂದ್ರಕ್ಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಮೊದಲು ಕಳಿಸಿದ ಪತ್ರಿಕೆ ವಾಪಸ್ ಹಾಕಿತು. ಒಬ್ಬ ವಿಮರ್ಶಕರಿಗೆ ಸಂಸ್ಥೆಯ ವಿಳಾಸ ಇಲ್ಲದ್ದೇ ಅಡ್ಡಿಯಾದ ಹಾಗಿತ್ತು. ಮನೆಯಲ್ಲಿ ಸಾಕಿದ್ದು ಅನ್ನುವುದನ್ನು ನಂಬಲು ಆಗುವುದಿಲ್ಲ ಅಂತ ಬರೆದಿದ್ದರು. ಎರಡನೇ ಪತ್ರಿಕೆಗೆ ಕಳಿಸುವಾಗ ಕ್ರೇಟುಗಳ ದಿನವಹಿ ಪುಸ್ತಕವನ್ನು ಸ್ಕ್ಯಾನ್ ಮಾಡಿ ಜೊತೆಗೆ ಹಾಕಿದೆ. ಯಾವ ದಿನ ಎಷ್ಟು ನೀರು, ಯಾವ ಹುಳ ಪೊರೆ ಬಿಟ್ಟಿತು, ಎಲ್ಲ ಕನ್ನಡದಲ್ಲೇ ಇತ್ತು. ಸಂಪಾದಕರು ಅದರ ಅನುವಾದ ಕೇಳಿ ತರಿಸಿಕೊಂಡರು. ಅದಾದ ಮೇಲೆ ಒಂದೇ ಒಂದು ಆಕ್ಷೇಪ ಬರಲಿಲ್ಲ. ಆನ್‌ಲೈನ್ ಪತ್ರಿಕೆ ಆದ್ದರಿಂದ ಪ್ರಾಣಿ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಮೊದಲೇ ಮಾಡಿಸಬೇಕು, ಮರೆಯಬೇಡಿ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ 2012ರ ತಿದ್ದುಪಡಿಯ ನಂತರ ಅದಿಲ್ಲದ ಆನ್‌ಲೈನ್ ಹೆಸರಿಗೆ ಬೆಲೆ ಇಲ್ಲ. ಲೇಖಕರ ಹತ್ತಿರ ದುಡ್ಡು ಕೇಳದ ಪತ್ರಿಕೆಯನ್ನೇ ಆರಿಸಿದೆ. ಕೇಳುವ ಪತ್ರಿಕೆಗಳಿಗೆ ಕೊಡುವಷ್ಟರಲ್ಲಿ ನನ್ನ ಒಂದು ವರ್ಷದ ಹುಳದ ಖರ್ಚು ನಡೆಯುತ್ತದೆ.

ಒಟ್ಟು ಲೆಕ್ಕ ಕೇಳುವವರಿಗೆ: ಹಳೆಯ ಸ್ಟೀರಿಯೋ ಮೈಕ್ರೋಸ್ಕೋಪ್ 28 ಸಾವಿರ, ಡಿಎನ್‌ಎಗೆ ಹದಿನೈದು, ಓಡಾಟಕ್ಕೆ ಹತ್ತು ಹನ್ನೆರಡು, ಸತ್ತ ಹುಳಗಳ ಮೊದಲ ವರ್ಷ ಆರೇಳು, ಪಿನ್, ಕಾರ್ಡ್, ರಾಸಾಯನಿಕ, ಕ್ರೇಟು ಎಲ್ಲ ಸೇರಿ ಇನ್ನೊಂದು ಎಂಟು. ಎಪ್ಪತ್ತರ ಹತ್ತಿರ. ಮೈಕ್ರೋಸ್ಕೋಪ್ ಮೊದಲೇ ಇರುವವರಿಗೆ ನಲವತ್ತರಲ್ಲಿ ಆಗುತ್ತದೆ. ಇದಕ್ಕೆ ಯಾರೂ ಅನುದಾನ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಈಗ ಬಚ್ಚಲ ಹಿಂದೆ ಬೇರೆ ಕ್ರೇಟುಗಳಿವೆ. ಎರಡರಲ್ಲಿ ಟ್ರೈಲೋಬೈಟ್ ಹುಳ ಅನ್ನುವ ಲೈಸಿಡ್ ಗುಂಪಿನ ಮರಿಗಳು, ಲೈರೋಪಿಯಸ್ ಕುಲದವು ಇರಬೇಕು ಅಂತ ನನ್ನ ಅಂದಾಜು. ಈ ಗುಂಪಿನಲ್ಲಿ ಹೆಣ್ಣು ಕೊನೆಯವರೆಗೂ ಮರಿಹುಳದ ರೂಪದಲ್ಲೇ ಇರುತ್ತದೆ, ಗಂಡು ಮಾತ್ರ ರೆಕ್ಕೆ ಬಂದು ಹಾರುತ್ತದೆ. ಬೋರ್ನಿಯೋದ ಇಂಥ ಹುಳಕ್ಕೆ ಗಂಡು ಯಾವುದು ಅಂತ 1925ರಲ್ಲಿ ಎರಿಕ್ ಮ್ಯೋಬರ್ಗ್ ಬರೆಯುವ ತನಕ ಅದು ಒಗಟೇ ಆಗಿತ್ತು. ಹಾಗಾಗಿ ಇಲ್ಲಿ ಸಾಕಿದರಷ್ಟೇ ಸಾಲದು, ಹೆಣ್ಣನ್ನು ಪರದೆಯೊಳಗೆ ಹೊರಗೆ ಕೂರಿಸಿ ಗಂಡು ಹುಡುಕಿಕೊಂಡು ಬರುತ್ತದೆಯೇ ನೋಡಬೇಕು. ಕಳೆದ ಮಳೆಗಾಲದಲ್ಲಿ ಗಂಡು ಬರಲಿಲ್ಲ. ಈ ಸಲ ತೋಟದ ಒಳಗಲ್ಲ, ಹಳ್ಳದ ದಂಡೆಯಲ್ಲಿ ಕೂರಿಸುತ್ತೇನೆ.

ಕಾಟಿರೆಸ್ ವಿಷಯದಲ್ಲಿ ಕೊಡಗು ಮತ್ತು ಶಿರಸಿ ಕಡೆಯವರಿಂದ ಒಂದು ಸಹಾಯ ಬೇಕು. ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ಹಿಡಿದ ಕೆಂಪು ಗಂಡುಗಳು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಮೀಸೆಯ ನಾಲ್ಕನೇ ಗೆಣ್ಣಿನ ಕವಲನ್ನು ಅಳೆಯಿರಿ. ಕವಲು ಗೆಣ್ಣಿನ ಎರಡು ಪಟ್ಟಿಗಿಂತ ಉದ್ದ ಇದ್ದರೆ ಹೊಟ್ಟೆಯ ತುದಿ ಬಿಡಿಸಿ ಮುಳ್ಳು ನೋಡಿ. ಎಡದ್ದು ಉದ್ದ ಬಂದರೆ ನನಗೆ ತಿಳಿಸಿ, ಒಂದು ಕಾಲನ್ನು ಸಿಲಿಕಾ ಜೆಲ್ಲಿನಲ್ಲಿ ತೆಗೆದಿಡಿ. ಸೀಕ್ವೆನ್ಸಿಂಗ್ ಖರ್ಚು ನನ್ನದು.